ಮಾವನವರ ಲೈನ್ ಕ್ಲಿಯರ್

ನಮ್ಮ ಮಾವನವರು ರೈಲ್ವೆಯಿಂದ ರಿಟೈರ್ ಆಗಿ ವರ್ಷಗಳೇ ಕಳೆದಿವೆ. ಆದರೂ ಹೋದ ತಿಂಗಳವರೆಗೆ ದಿನಾ ಬೆಳಿಗ್ಗೆ ತಪ್ಪದೆ ಲೈನ್ ಕ್ಲಿಯರ್ ಕೊಡುತ್ತಿದ್ದರು. ರೈಲಿಗಲ್ಲ, ಕಂಪ್ಯೂಟರಿಗೆ!

ಹೇಳುತ್ತೇನೆ, ಕೇಳಿ.

ಸೇಡಂನ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಭಾನುವಾರ ಬಂತೆಂದರೆ ವಾಡಿಯ ಅತ್ತೆ ಮನೆ ನೆನಪಾಗುತ್ತದೆ. (ಅಲ್ಲಿ ಅಡುಗೆ ಅತ್ತೆಯವರದೇ. ಅದಕ್ಕೇ ಹೋಗುವುದಲ್ಲ ಎಂದರೆ ನೀವು ನಂಬುವುದಿಲ್ಲ, ಬಿಡಿ.) ಆ ಭಾನುವಾರ ಯಜಮಾನರಿಗೆ ಕೋಡ್ಲಾದ ಫ್ಯಾಕ್ಟರಿಯಲ್ಲಿ ಶಿಫ್ಟ್ ಇತ್ತು, ಒಬ್ಬಳೇ ಹೋಗಿದ್ದೆ. ಚಹಾ ಕುಡಿಯುತ್ತಾ ಕುಳಿತಿದ್ದೆ. ಮಾವನವರು ಕಂಪ್ಯೂಟರ್ ಹಚ್ಚಿದರು. ಕುಂಯ್ ಎಂದು ಒಂದು ಸದ್ದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು. ಅವರು ಅತ್ತ ನೋಡಲೂ ಇಲ್ಲ. ಕನ್ನಡಕ ಒರೆಸಿಕೊಳ್ಳುತ್ತಲೇ ತೋರುಬೆರಳಿನಿಂದ ಒಂದು ಕೀ ಒತ್ತಿದರು. ಅಕ್ಷರ ಮಾಯ.

"ಅದೇನ್ರಿ ಮಾವಾರ, ಏನೋ ಬಂದಿತ್ತಲ್ಲ?"

"ಏನಿಲ್ಲ ಬಿಡವಾ. ದಿನಾ ಕೇಳ್ತದ. ಎಫ್-ಒನ್ ಒತ್ತು ಅಂತದ, ಒತ್ತತೀನಿ. ಲೈನ್ ಕ್ಲಿಯರ್ ಕೊಟ್ಟಂಗ."

ಮಾವನವರು ಸ್ಟೇಶನ್ ಮಾಸ್ತರರಾಗಿದ್ದವರು. ಹಿಂದಿನ ಸ್ಟೇಶನ್ನಿನವರು ಫೋನ್ ಮಾಡಿ 'ಗಾಡಿ ಬಿಡಲೇ?' ಎಂದು ಕೇಳಬೇಕು, ಇವರು 'ದಾರಿ ಖಾಲಿ ಇದೆ, ಬಿಡಿ' ಎನ್ನಬೇಕು. ಅದೇ ಲೈನ್ ಕ್ಲಿಯರ್. ಜೀವಮಾನವಿಡೀ ಅದನ್ನೇ ಮಾಡಿದ ಮನುಷ್ಯನಿಗೆ ಕಂಪ್ಯೂಟರ್ ಏಳುವಾಗ ಏನೋ ಕೇಳಿದರೆ ಇನ್ನೇನು ಅನಿಸಬೇಕು?

ನಾನು ಬಿಡಲಿಲ್ಲ. ಆಫ್ ಮಾಡಿ ಮತ್ತೆ ಹಚ್ಚಿದೆ. ಓದಿದೆ. ಇಂಗ್ಲಿಷಿನಲ್ಲಿ ಮೂರೇ ಮಾತು. ಹಾರ್ಡ್ ಡಿಸ್ಕಿನ ಸ್ಥಿತಿ ಕೆಟ್ಟಿದೆ. ಬ್ಯಾಕಪ್ ತೆಗೆದುಕೊಂಡು ಬದಲಾಯಿಸಿ. ಮುಂದುವರಿಯಲು ಎಫ್-ಒನ್ ಒತ್ತಿ. ಮೂರರಲ್ಲಿ ಮಾವನವರು ಪಾಲಿಸಿದ್ದು ಕೊನೆಯದನ್ನು ಮಾತ್ರ!

"ಎಂದಿನಿಂದ ಬರ್ಲಿಕತ್ತದರಿ ಇದು?"

"ದಸರಾಕ್ಕ ಪೂಜಿ ಮಾಡಿದ್ವಲ್ಲ, ಆಗಿಂದ ಇರಬೇಕು." ನಾವು ಮಾತಾಡುತ್ತಿದ್ದುದು ಸಂಕ್ರಾಂತಿ ಮುಗಿದ ಮೇಲೆ.

ಅತ್ತೆ ಅಡುಗೆ ಮನೆಯಿಂದ ಬಂದರು. ಅವರಿಗೆ ತೋರಿಸಲೆಂದು ಇನ್ನೊಮ್ಮೆ ಆಫ್ ಮಾಡಿ ಹಚ್ಚಿದೆ. "ಧೂಳ್ ಹೊಕ್ಕಿರ್ತದ ತಗಿ" ಎಂದರು ಅತ್ತೆ. ಸಿಮೆಂಟಿನ ಊರಾದ ವಾಡಿಯಲ್ಲಿ ಕೆಮ್ಮು ಬಂದರೂ ಧೂಳು, ಗಡಿಯಾರ ನಿಂತರೂ ಧೂಳು, ಅಳಿಯ ಸಿಡಿಮಿಡಿ ಮಾಡಿದರೂ ಧೂಳು. ಮಾವನವರು ಒಪ್ಪಲಿಲ್ಲ. "ಧೂಳಲ್ಲ, ವೋಲ್ಟೇಜು" ಎಂದರು.

"ಮಾವಾರ, ಹಳದಿ ಸಿಗ್ನಲ್ ಕಂಡ್ರ ಡ್ರೈವರ್ ಏನ್ ಮಾಡ್ಬೇಕ್ರಿ?"

"ಸ್ಪೀಡ್ ಇಳಿಸಬೇಕು. ನಿಲ್ಲಲಿಕ್ಕ ತಯಾರಿರಬೇಕು."

"ಮತ್ತ ಇದು ಹಳದಿ ಅಲ್ಲೇನ್ರಿ?"

ಮಾವನವರು ಕನ್ನಡಕ ಹಾಕಿಕೊಂಡು ಮೊದಲ ಬಾರಿಗೆ ಆ ಸಾಲುಗಳನ್ನು ಪೂರ್ತಿ ಓದಿದರು. ಮುಖ ಬಿಳಿಚಿಕೊಂಡಿತು.

ಏಕೆಂದರೆ ಆ ಡಿಸ್ಕಿನಲ್ಲಿ ದೊಡ್ಡತ್ತೆಯ ಹಾಡುಗಳಿದ್ದವು.

ದೊಡ್ಡತ್ತೆ ಎಂದರೆ ನಮ್ಮತ್ತೆಯ ಅಕ್ಕ, ಚಿಂಚೋಳಿ ಕಡೆಯವರು. ಓದು ಬರಹ ಇಲ್ಲ. ಆದರೆ ಬಾಯಿ ತೆರೆದರೆ ಹಾಡು. ತೊಟ್ಟಿಲ ಹಾಡು, ಆರತಿ ಹಾಡು, ಬೀಗರನ್ನು ಚೇಷ್ಟೆ ಮಾಡುವ ಹಾಡು, ನಡುನಡುವೆ ಅರ್ಧಂಬರ್ಧ ತೆಲುಗು. ಎರಡು ವರ್ಷದ ಹಿಂದೆ ಚಳಿಗಾಲಕ್ಕೆ ತಂಗಿಯ ಮನೆಗೆ ಬಂದವರು ಮೆಂತ್ಯ ಸೊಪ್ಪು ಬಿಡಿಸುತ್ತಾ ಹಾಡುತ್ತಿದ್ದರು, ಮಾವನವರು ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಆ ಬೇಸಿಗೆಗೆ ದೊಡ್ಡತ್ತೆ ಹೋಗಿಬಿಟ್ಟರು. ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲೇ ಇಲ್ಲ.

ಅಂದಿನಿಂದ ಅತ್ತೆಗೆ ಪೂಜೆ ಮುಗಿದ ಮೇಲೆ ಅಕ್ಕನ ಒಂದು ಹಾಡು ಕೇಳಬೇಕು. ಓದು ಬಾರದ ಅವರಿಗೆ ಮಾವನವರೇ ಓದಿ ಹೇಳಬೇಕು. (ಗಾಡಿ ಬರುತ್ತಿದೆ ಎಂದು ಸಾರುವ ದನಿಯಲ್ಲಿ ತೊಟ್ಟಿಲ ಹಾಡು! ಅತ್ತೆಗೆ ಅದೂ ಇಂಪು.) ಕಂಪ್ಯೂಟರ್ ದಿನಾ ಏಳುತ್ತಿದ್ದುದು ಇದೊಂದಕ್ಕೇ. ಹಾಳೆಯ ಮೇಲೆ ಒಂದಕ್ಷರ ಇಲ್ಲ. ಯಾಕೆಂದರೆ ಮಾವನವರಿಗೆ ತಪ್ಪೆಲ್ಲ ತಿದ್ದಿಯೇ ಪ್ರಿಂಟ್ ತೆಗೆಯಬೇಕು. ತಿದ್ದುವುದು ಮುಗಿದರೆ ತಾನೇ?

ಕಂಪ್ಯೂಟರ್ ಮಾರಿದ್ದ ಶಹಾಬಾದಿನ ಮಹೆಬೂಬನಿಗೆ ಫೋನ್ ಹಚ್ಚಿದೆ. "ಡಿಸ್ಕ್ ಖರಾಬ್ ಆಗಿರ್ಬೇಕ್ರಿ ಮೇಡಂ, ಇಲ್ಲಾಂದ್ರ ಕೇಬಲ್ ಲೂಸ್. ಬಂದು ನೋಡ್ತೀನಿ. ಆದ್ರ ಈಗ ಘಡಿ ಘಡಿ ಬಂದ್-ಚಾಲೂ ಮಾತ್ರ ಮಾಡಬ್ಯಾಡ್ರಿ" ಎಂದ.

ಅಯ್ಯೋ! ಬೆಳಗಿನಿಂದ ನಾನು ಮಾಡುತ್ತಿದ್ದುದೇ ಅದು. ಕೊನೆಗೆ ಹಚ್ಚಿದ್ದು ಏನಾಗಿದೆ ಎಂದು ಈಗ ತಿರುಗಿ ನೋಡಿದೆ. ನಾನು ಎಫ್-ಒನ್ ಒತ್ತಿದರೂ ಪರದೆ ಕಪ್ಪಗೇ ನಿಂತಿದೆ. ಪೆಟ್ಟಿಗೆಯ ಒಳಗಿಂದ ಟಕ್, ಟಕ್, ಟಕ್.

"ಬಂದ್ ಮಾಡ್ರಿ ಮೇಡಂ!" ಫೋನಿನಲ್ಲಿ ಮಹೆಬೂಬ ಕೂಗಿದ. "ಠಂಡಾ ಆಗ್ಲಿ. ಆಮ್ಯಾಲ ಒಂದೇ ಸರ್ತಿ ಹಚ್ಚರಿ. ನಸೀಬ್ ಇದ್ದು ಚಾಲೂ ಆಯ್ತಂದ್ರ ಬ್ಯಾರೆ ಏನೂ ಮುಟ್ಟಬ್ಯಾಡ್ರಿ, ಜಲ್ದಿ ಕಾಪಿ ತಗೋರಿ."

"ಅಕ್ಕನ ಹಾಡು ಹೋದವೇನ್ರಿ?" ಅತ್ತೆ ಕೇಳಿದ್ದು ಅಷ್ಟೇ. ಹೋಗಿ ದೇವರ ಮನೆಯಲ್ಲಿ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು. ಮಾವನವರು ವರಾಂಡದ ಹಾಸುಗಲ್ಲಿನ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ. ಒಲೆಯ ಮೇಲಿನ ಬೇಳೆ ಕುದಿದು ಉಕ್ಕಿದರೂ ಯಾರೂ ಅತ್ತ ಹೋಗಲಿಲ್ಲ. ಕೊನೆಗೆ ನಾನೇ ಹೋಗಿ ಗ್ಯಾಸ್ ಆರಿಸಿದೆ.

ಪೆಟ್ಟಿಗೆ ತಣ್ಣಗಾಯಿತು. ಹಚ್ಚಿದೆ. ಕುಂಯ್. ಅದೇ ಬಿಳಿ ಅಕ್ಷರಗಳು. ನನ್ನ ಜನ್ಮದಲ್ಲಿ ಯಾವ ಎಚ್ಚರಿಕೆಯನ್ನೂ ಅಷ್ಟು ಸಂತೋಷದಿಂದ ನೋಡಿದವಳಲ್ಲ ನಾನು!

"ಒತ್ತರಿ ಮಾವಾರ."

"ನನ್ನ ಕೈಲಿ ಆಗಂಗಿಲ್ಲವಾ. ನೀನೇ ಒತ್ತು" ಎಂದರು.

ಒತ್ತಿದೆ. ಕಂಪ್ಯೂಟರ್ ಕುಂಟುತ್ತಾ, ತೆವಳುತ್ತಾ ಎದ್ದಿತು. ಕಾಲೇಜಿನ ಕೆಲಸಕ್ಕೆ ಕೊಂಡ ಪೆನ್‌ಡ್ರೈವ್ ಪುಣ್ಯಕ್ಕೆ ನನ್ನ ಬ್ಯಾಗಿನಲ್ಲೇ ಇತ್ತು. ಕಾಪಿ ಕೊಟ್ಟೆ. ಪರದೆಯ ಮೇಲಿನ ನೀಲಿ ಪಟ್ಟಿ ಒಂದಿಷ್ಟು ಸರಿಯುವುದು, ನಿಲ್ಲುವುದು, ಮತ್ತೆ ಸರಿಯುವುದು. ಅತ್ತೆ ಬಂದು ನನ್ನ ಹಿಂದೆ ನಿಂತಿದ್ದು ಅವರ ಉಸಿರಿನಿಂದ ಗೊತ್ತಾಯಿತು. ಪಟ್ಟಿ ತುಂಬಿತು. ಪೆನ್‌ಡ್ರೈವ್ ತೆರೆದು ಒಂದೊಂದೇ ಫೈಲ್ ನೋಡಿದೆವು. ತೊಟ್ಟಿಲು ಇತ್ತು, ಆರತಿ ಇತ್ತು, ಬೀಗರೂ ಇದ್ದರು.

ಅಬ್ಬಾ! ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು. ಮಾವನವರು ಕುರ್ಚಿಯಲ್ಲಿ ಕುಸಿದು ಕುಳಿತು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಪೆನ್‌ಡ್ರೈವಿಗೆ ಕುಂಕುಮ ಹಚ್ಚಲು ಹೊರಟಿದ್ದರು, ತಡೆದೆ.

ಸಂಜೆ ಮಹೆಬೂಬ ಬಂದ. ಕೇಬಲ್ ಬದಲಿಸಿದ, ಎಚ್ಚರಿಕೆ ಹೋಗಲಿಲ್ಲ. ಹಳೇ ಕೇಬಲಿಗೇ ಹೊಸ ಡಿಸ್ಕ್ ಸಿಕ್ಕಿಸಿದ, ಹೋಯಿತು. ಧೂಳು, ವೋಲ್ಟೇಜು, ಕೇಬಲ್ ಮೂರೂ ನಿರ್ದೋಷಿ. ಕೆಟ್ಟಿದ್ದು ಡಿಸ್ಕೇ. ಅದು ದಸರಾದಿಂದ ಬಾಯಿ ಬಿಟ್ಟು ಹೇಳುತ್ತಲೇ ಇತ್ತು, ಪಾಪ.

ಬರೀ ಮಾವನವರನ್ನು ನೋಡಿ ನಗಬೇಡಿ. ನಮ್ಮ ಸ್ಟಾಫ್ ರೂಮಿನ ಫ್ಯಾನು ಮಳೆಗಾಲದಿಂದ ತೊನೆದಾಡುತ್ತಿದೆ. ನಾವೇನು ಮಾಡಿದ್ದೇವೆ? ಅದರ ಕೆಳಗಿನ ಕುರ್ಚಿ ಸರಿಸಿದ್ದೇವೆ! ನಮ್ಮ ಕಡೆ 'ಏನಾಗಂಗಿಲ್ಲ ತಗೀರಿ' ಎಂಬ ಮಾತಿದೆಯಲ್ಲ, ಎಫ್-ಒನ್ ಎಂದರೆ ಅದೇ. ಮಂಡಿ ನೋವಿಗೆ ಒತ್ತುತ್ತೇವೆ, ಸ್ಕೂಟರಿನ ಬ್ರೇಕಿಗೆ ಒತ್ತುತ್ತೇವೆ. ನೀವು ಯಾವುದಕ್ಕೆ ಒತ್ತುತ್ತಿದ್ದೀರಿ?

ಮೊನ್ನೆ ಮತ್ತೆ ವಾಡಿಗೆ ಹೋಗಿದ್ದೆ. ಕಂಪ್ಯೂಟರ್ ಸದ್ದಿಲ್ಲದೆ ಎದ್ದಿತು. ಮಾವನವರ ಬೆರಳು ಮಾತ್ರ ಎಫ್-ಒನ್ ಮೇಲೆ ಸುಮ್ಮನೆ ಕಾಯುತ್ತಿತ್ತು. "ಏನೂ ಕೇಳಲೇ ಒಲ್ಲದಲ್ಲವಾ" ಎಂದರು, ಕೊಂಚ ಬೇಸರದಿಂದಲೇ. ತಪ್ಪುಗಳ ಸಮೇತ ಪ್ರಿಂಟ್ ತೆಗೆದಿಟ್ಟಿದ್ದಾರೆ. ಪೆನ್‌ಡ್ರೈವಿನಲ್ಲೊಂದು ಕಾಪಿ, ಮಹೆಬೂಬನ ಅಂಗಡಿಯಲ್ಲೊಂದು.

ಆದರೆ ಅತ್ತೆ ಈಗ ಬರೀ ಕೇಳುತ್ತಿಲ್ಲ. ಮಾವನವರು ಒಂದೊಂದು ಸಾಲು ಓದಿದಂತೆ ತಾವೂ ಹೇಳಿಕೊಳ್ಳುತ್ತಾರೆ. ಹಾಡು ಬಾಯಿಗೆ ಬರುವವರೆಗೂ ಬಿಡುವುದಿಲ್ಲ.

"ಇಷ್ಟೆಲ್ಲ ಕಾಪಿ ಅದಾವಲ್ಲ, ಮತ್ಯಾಕ ಬಾಯಿಪಾಠ?" ಎಂದು ಮಾವನವರು ಗೊಣಗಿದರು.

ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

"ನಿಮ್ಮ ಪೆಟ್ಟಿಗಿ ಹೋಗೂ ಮುಂದ ಹೇಳ್ತು. ಅಕ್ಕ ಹೇಳಿ ಹೋದ್ಳೇನ್ರಿ?"