ಹಕ್ಕಿ ಹೆಜ್ಜೆಯಂಥ ಮೂರು ಗೆರೆ

“ಇಲ್ಲಿದ್ದಾರೆ ನೋಡು, ನಮ್ಮಜ್ಜ!”

ನಮ್ಮ ಪಕ್ಕದ ಮನೆಯ ಮುದುಕಿ ಮಾರ್ಗರೆಟ್ ಗ್ಲೌಸ್ ಕಳಚಿ, ಡೆಟ್ರಾಯಿಟ್‌ನ ಹಳೇ ಚರ್ಚಿನ ಗೋಡೆಗೆ ಅಂಗೈ ಒತ್ತಿದರು. ಸುತ್ತ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಅವರ ಇನ್ನೊಂದು ಕೈಯಲ್ಲಿ ಸ್ಕಾಟ್ಲೆಂಡಿನ ಕಲ್ಲುಕುಟಿಗರ ಸಂಘದಿಂದ ತರಿಸಿಕೊಂಡ ಹಳೇ ಪುಟದ ಜೆರಾಕ್ಸ್. ಒಬ್ಬೊಬ್ಬ ಕುಟಿಗನೂ ತಾನು ಕೆತ್ತಿದ ಕಲ್ಲಿಗೆ ಹಾಕುತ್ತಿದ್ದ ಗುರುತು ಅದರಲ್ಲಿ ಅವನ ಹೆಸರಿನ ಮುಂದೆಯೇ ಇತ್ತು. ಅಲ್ಲಿಂದ ಅಮೆರಿಕಕ್ಕೆ ಬಂದು ಈ ಚರ್ಚಿಗೆ ಕಲ್ಲು ಕೆತ್ತಿದ್ದ ಅವರಜ್ಜನದು ಹಕ್ಕಿ ಹೆಜ್ಜೆಯಂಥ ಮೂರು ಗೆರೆ. ಗೋಡೆಯ ಮೇಲೂ ಅದೇ ಹೆಜ್ಜೆ, ಹಕ್ಕಿ ಈಗಷ್ಟೇ ಹಾರಿಹೋದ ಹಾಗೆ.

ರಿಸೆಶನ್ನಿನಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ನಾನು ಅವತ್ತು ಅವರನ್ನು ಕಾರಿನಲ್ಲಿ ಕರೆದುಕೊಂಡು ಬಂದಿದ್ದೆ, ಅಷ್ಟೆ.

“ಮುಟ್ಟು, ಬೆಚ್ಚಗಿದೆ,” ಎಂದರು. ಆ ಚಳಿಯಲ್ಲಿ ಕಲ್ಲು ಎಲ್ಲಿಯ ಬೆಚ್ಚಗೆ! ಆದರೂ ಮುಟ್ಟಿದ ಮೇಲೆ ಕೈ ತೆಗೆಯಲು ಮನಸ್ಸೇ ಬರಲಿಲ್ಲ.

ಸಾಲದ ಕಂತು ಕಟ್ಟಲಾಗದೆ ಆ ವಾರವೇ ನಾವು ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನ ಮನೆ ಬಿಡಬೇಕಿತ್ತು. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ, ಮಗಳು ಬೆಳೆದ ಹಾಗೆಲ್ಲ ಅವಳ ಎತ್ತರಕ್ಕೆ ನಾನು ಎಳೆದ ಪೆನ್ಸಿಲ್ ಗೆರೆಗಳಿದ್ದವು. ಅವುಗಳ ಮೇಲೆ ಬಳಿಯಲು ನನ್ನ ಗಂಡ ಬಿಳಿ ಪೇಂಟ್ ತಂದಿಟ್ಟಿದ್ದರು. ನಾನು ಡಬ್ಬದ ಮುಚ್ಚಳ ತೆಗೆಯಲಿಲ್ಲ. ಗೆರೆಗಳನ್ನು ಹಾಗೇ ಬಿಟ್ಟು ಬ್ಯಾಂಕಿನವರಿಗೆ ಬೀಗದ ಕೈ ಕೊಟ್ಟು ಬಂದೆವು.