ವಿಠ್ಠಲನದೆಂದು ತೋರಿಸಿದ ಗುಡಿ

ತುಮಕೂರಿನಿಂದ ಬೆಳಗಿನ ಜಾವ ಹೊರಟ ಬಸ್ಸು ನಮ್ಮನ್ನು ಹೊಸಪೇಟೆಯಲ್ಲಿ ಇಳಿಸಿದಾಗ ಹನ್ನೊಂದು ದಾಟಿತ್ತು. ನವೆಂಬರ್ ತಿಂಗಳಾದರೂ ಬಿಸಿಲು ಚುರುಗುಟ್ಟುತ್ತಿತ್ತು. ಶೇಷಗಿರಿ ನನ್ನ ಮೊಣಕೈ ಹಿಡಿದುಕೊಂಡು, "ಹೂಂ, ಏನೇನಿದೆ ಹೇಳು" ಎಂದ. ನಾನು ಸುತ್ತ ನೋಡಿದೆ. ಬಸ್ಸುಗಳಿದ್ದವು, ಜನರಿದ್ದರು, ಬಾಳೆಹಣ್ಣಿನ ತಳ್ಳುಗಾಡಿಗಳಿದ್ದವು. ಇದರಲ್ಲಿ ಹೇಳುವಂಥದ್ದು ಯಾವುದು, ಬಿಡುವಂಥದ್ದು ಯಾವುದು ಎಂದು ತಿಳಿಯದೆ, "ಬಸ್ ಸ್ಟ್ಯಾಂಡು" ಎಂದೆ. "ಅದು ನನಗೂ ಗೊತ್ತು ಮಾರಾಯ" ಎಂದು ನಕ್ಕ.

ಶೇಷಗಿರಿಗೆ ಕಣ್ಣು ಕಾಣುವುದಿಲ್ಲ. ಆರನೆಯ ವಯಸ್ಸಿನಲ್ಲಿ ದಡಾರ ಬಂದು ದೃಷ್ಟಿ ಹೋಯಿತು. ನಾವಿಬ್ಬರೂ ಒಂದೇ ಬ್ಯಾಂಕಿನಲ್ಲಿದ್ದವರು. ನಾನು ಗುಮಾಸ್ತ, ಅವನು ಟೆಲಿಫೋನ್ ಆಪರೇಟರ್. ಯಾವ ಶಾಖೆಯ ಯಾರು ಫೋನೆತ್ತಿದರೂ 'ಹಲೋ' ಎನ್ನುವಷ್ಟರಲ್ಲಿ ಹೆಸರು ಹಿಡಿದು ಮಾತಾಡಿಸುತ್ತಿದ್ದ. ನಿವೃತ್ತಿಯಾದ ಮೇಲೆ, "ಹಂಪಿ ನೋಡಬೇಕು, ಸಂಗೀತದ ಕಂಬಗಳನ್ನು ಮುಟ್ಟಬೇಕು, ಕರೆದುಕೊಂಡು ಹೋಗು" ಎಂದು ಬೆನ್ನು ಹತ್ತಿದ. ನಾನೂ ಹಂಪಿ ನೋಡಿದವನಲ್ಲ. ಇಬ್ಬರಿಗೂ ಹೊಸ ಊರು, ನೋಡುವ ಕೆಲಸ ಮಾತ್ರ ನನ್ನೊಬ್ಬನದು.

ಮಾರನೆಯ ಬೆಳಿಗ್ಗೆ ಹಂಪಿಯ ಬಸ್ಸು ಹತ್ತಿದೆವು. ಹದಿಮೂರು ಕಿಲೋಮೀಟರಿನ ದಾರಿಯುದ್ದಕ್ಕೂ ಬಾಳೆತೋಟ, ಅದರ ಹಿಂದೆ ಯಾರೋ ತಂದು ಸುರಿದಂತೆ ಬಂಡೆಗಳು. ವಿರೂಪಾಕ್ಷನ ದರ್ಶನ ಮುಗಿಸಿ, ಬಜಾರಿನ ಬೀದಿಯಲ್ಲಿ ಇಡ್ಲಿ ತಿಂದು, ಸಂಗೀತದ ಕಂಬಗಳಿರುವ ವಿಠ್ಠಲ ದೇವಸ್ಥಾನಕ್ಕೆ ದಾರಿ ಕೇಳಿದೆ. ಇಡ್ಲಿಯವನು, "ಹೊಳಿ ಹಿಡಕಂಡು ಹೋಗ್ರಿ, ಎಲ್ಲೂ ಹೊಳ್ಳಬ್ಯಾಡ್ರಿ" ಎಂದ. ಸೈಕಲ್ ಬಾಡಿಗೆಗೆ ಕೊಡುವವನು, "ಏ ನಡಕೊಂಡು ಎಲ್ಲಿ ಹೊಂಟೀರಿ? ಆಟೋದಾಗ ಸುತ್ತಿ ಹೋಗ್ರಿ" ಎಂದ. ಗೈಡ್ ಒಬ್ಬ ಕಲ್ಲಿನ ಬಸವಣ್ಣನ ಕಡೆ ಕೈ ತೋರಿಸಿ ಇನ್ನೇನೋ ಹೇಳಿದ. ಬಸವಣ್ಣನ ಹತ್ತಿರ ಬಂದಾಗ ಎಡಕ್ಕೊಂದು ದಾರಿ, ಬಲಕ್ಕೆ ಮೆಟ್ಟಿಲು. ಮೆಟ್ಟಿಲಿದ್ದ ಮೇಲೆ ಅದೇ ದೊಡ್ಡ ಗುಡಿಯ ದಾರಿ ಇರಬೇಕೆಂದು ಬಲಕ್ಕೆ ಹೊರಟೆ.

ಸವೆದ ಮೆಟ್ಟಿಲುಗಳನ್ನು ಶೇಷಗಿರಿ ನನಗಿಂತ ಚೆನ್ನಾಗಿ ಹತ್ತಿದ. ಗುಡ್ಡ ದಾಟಿ ಇಳಿದರೆ ದೊಡ್ಡ ಗೋಪುರ, ವಿಶಾಲ ಪ್ರಾಕಾರ, ಸಾಲು ಕಂಬಗಳು. ಒಳಗೆ ನಾಲ್ಕೈದು ಜನ ಮಾತ್ರ. "ಬಂದೆವು ನೋಡು" ಎಂದೆ. ಅವನು ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈಯಿಂದ ಕಂಬವೊಂದನ್ನು ತಡವತೊಡಗಿದ. ಕುದುರೆ, ಸವಾರ, ಸವಾರನ ಕಾಲು, ಒಂದೊಂದನ್ನೂ ಬೆರಳಲ್ಲಿ ಹಿಡಿದು ಹೇಳುತ್ತಾ ಹೋದ. ನಡುವೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಹಚ್ಚುತ್ತಿದ್ದ. "ಇದು ಇಲ್ಲ... ಇದೂ ಇಲ್ಲ... ಹಾಂ, ಇಲ್ಲಿದೆ ನೋಡು!"

ನಾನೂ ಕಿವಿಯಿಟ್ಟೆ. ಕಲ್ಲು ತಟ್ಟಿದರೆ ಬರುವ ಸದ್ದು, ಅಷ್ಟೇ. ಆಗ ಬಾಗಿಲ ಬಳಿಯ ಫಲಕ ಕಣ್ಣಿಗೆ ಬಿತ್ತು. ಅಚ್ಯುತರಾಯ ದೇವಸ್ಥಾನ ಎಂದು ಬರೆದಿತ್ತು.

ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಅವನ ಮುಖ ನೋಡಿದೆ. ಮೂವತ್ತು ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಅವನು, "ಕಲ್ಲಿನ ರಥ ಎಲ್ಲಿ? ಅದರ ಗಾಲಿ ಮುಟ್ಟಿಸು" ಎಂದ. ಪ್ರಾಕಾರದ ಮೂಲೆಯಲ್ಲಿ ಒಡೆದು ಬಿದ್ದ ಕಂಬದ ಗುಂಡನೆಯ ತುಂಡೊಂದಿತ್ತು. ಅವನ ಕೈ ಹಿಡಿದು ಅದರ ಮೇಲಿಟ್ಟೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಅವನು ಅಂಚನ್ನು ಸವರಿ, "ಇಷ್ಟು ಚಿಕ್ಕದಾ?" ಎಂದ. "ಉಳಿದದ್ದು ನೆಲದೊಳಗೆ ಹೂತಿದೆ" ಎಂದೆ.

ಮೂರನೆಯ ದಿನ ಸಂಡೂರು. ಬಸ್ಸಿನಲ್ಲಿ ಒಂದು ಗಂಟೆ. ಎದುರಿಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ನಡುವೆ ದೋಣಿಮಲೈ ಗಣಿಯ ನೌಕರರ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಯಿತು. ಕುಮಾರಸ್ವಾಮಿ ಬೆಟ್ಟಕ್ಕೆ ಆಟೋ ಹಿಡಿದೆವು. ಶೇಷಗಿರಿಗೆ ಬಣ್ಣಗಳಲ್ಲಿ ಕೆಂಪೊಂದು ನೆನಪಿದೆಯಂತೆ. ಅವನ ತಾಯಿಯ ಸೀರೆಯದು. "ಇಲ್ಲಿ ಬೆಟ್ಟ ಕೆಂಪಂತೆ, ಹೌದಾ?" ಎಂದು ಕೇಳಿದ. ಮಳೆ ಚೆನ್ನಾಗಿ ಆಗಿ ಬೆಟ್ಟವೆಲ್ಲ ಹಸಿರಾಗಿತ್ತು. ರಸ್ತೆ, ಲಾರಿ, ಅಂಚಿನ ಗಿಡಗಳ ಎಲೆ ಮಾತ್ರ ಕೆಂಪು. ನಾನು, "ಬೆಟ್ಟಕ್ಕೆ ಬೆಟ್ಟವೇ ಕೆಂಪು" ಎಂದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಇಳಿಯುವಾಗ ಶೇಷಗಿರಿಯ ಬಿಳಿ ಅಂಗಿ ನೋಡಿ, "ಧೂಳು ಭಾಳ ಐತ್ರಿ ಸರ, ಝಾಡಿಸ್ಕೊಳ್ರಿ" ಎಂದ. ಶೇಷಗಿರಿ ಝಾಡಿಸಿಕೊಳ್ಳಲಿಲ್ಲ. "ಇರಲಿ, ಊರಿಗೆ ಒಯ್ಯುತ್ತೇನೆ" ಎಂದ.

ಆ ರಾತ್ರಿ ನನಗೆ ಒಂದು ವಿಚಿತ್ರ ಗೊಂದಲ ಹಿಡಿಯಿತು. ನಾನು ಕಂಡದ್ದು ಯಾವುದು, ಅವನಿಗಾಗಿ ಹೇಳಿದ್ದು ಯಾವುದು ಎಂಬುದು ನನ್ನಲ್ಲೇ ಕಲಸಿಹೋಗಿತ್ತು. ಕುಮಾರಸ್ವಾಮಿ ದೇವಸ್ಥಾನದ ಮೆಟ್ಟಿಲ ಬಳಿ ಕಟ್ಟಿಹಾಕಿದೆ ಎಂದು ಅವನಿಗೆ ಹೇಳಿದ್ದ ಬಿಳಿ ಕುದುರೆ ನಿಜವಾಗಿ ಇತ್ತೋ, ಮಾತು ನಿಲ್ಲಬಾರದೆಂದು ನಾನೇ ಕಟ್ಟಿದ್ದೋ ಎಂದು ಹಾಸಿಗೆಯಲ್ಲಿ ಯೋಚಿಸಿದರೂ ಬಗೆಹರಿಯಲಿಲ್ಲ.

ನಾಲ್ಕನೆಯ ದಿನ ಕಂಪ್ಲಿಗೆ ಹೋದೆವು. ಅಲ್ಲಿಯದು ಹಂಪಿಗಿಂತ ಹಳೆಯ ಕೋಟೆ ಎಂದು ಶೇಷಗಿರಿ ಎಲ್ಲೋ ಕೇಳಿದ್ದ. ರಸ್ತೆಯ ಅರ್ಧಭಾಗದಲ್ಲಿ ಭತ್ತ ಒಣಹಾಕಿದ್ದರು. ಅಕ್ಕಿ ಗಿರಣಿಗಳ ತೌಡಿನ ವಾಸನೆ ಬಸ್ಸಿನೊಳಗೂ ಬರುತ್ತಿತ್ತು. ಕೋಟೆಯ ಹತ್ತಿರ, ಹೊಳೆಯ ದಾರಿಯಲ್ಲಿ ಹನುಮಕ್ಕ ಎಂಬ ಹೆಂಗಸು ಮಿರ್ಚಿ, ಮಂಡಕ್ಕಿ ಮಾರುತ್ತಿದ್ದಳು. "ಬರ್ರಿ ಅಣ್ಣಾರ, ಕುಂದ್ರಿ. ಬಿಸಿ ಅದಾವು" ಎಂದು ಬೆಂಚು ಒರೆಸಿದಳು.

ಶೇಷಗಿರಿ ಖುಷಿಯಲ್ಲಿದ್ದ. ವಿಠ್ಠಲನ ಗುಡಿಯಲ್ಲಿ ಕಂಬ ತಟ್ಟಿ ನಾದ ಕೇಳಿದ್ದನ್ನು, ರಥದ ಗಾಲಿ ಸವರಿದ್ದನ್ನು ಅವಳಿಗೆ ವಿವರವಾಗಿ ಹೇಳಿದ. ಹನುಮಕ್ಕ ಮಿರ್ಚಿ ಎತ್ತುವ ಜಾಲರಿ ಸೌಟು ಹಿಡಿದ ಕೈ ನಿಲ್ಲಿಸಿದಳು.

"ಯಾವಾಗ ಹೋಗಿದ್ರಿ?"

"ಮೊನ್ನೆ."

"ಮುಟ್ಟಾಕ ಯಾರ್ ಬಿಟ್ರು? ನನ್ನ ಮಗಳು ಅಲ್ಲೇ ಕಸ ಹೊಡಿಯಾಕ ಹೋಗ್ತಾಳ. ತೇರಿಗೆ ಸರಪಳಿ ಹಾಕ್ಯಾರ. ಕಂಬದ ಹತ್ರ ಹೋದ್ರ ಸೀಟಿ ಊದ್ತಾರ. ಮತ್ತ ಗಾಲಿ ಸಣ್ಣದಲ್ರಿ, ನಿಮ್ಮ ಎದಿಮಟ ಬರ್ತೈತಿ."

ಶೇಷಗಿರಿ ಮಿರ್ಚಿಯನ್ನು ತಟ್ಟೆಯಲ್ಲಿಟ್ಟ. ಹೊಳೆಯ ದಂಡೆಗೆ ಹೋಗುವಾಗ ನನ್ನ ಮೊಣಕೈ ಹಿಡಿಯಲಿಲ್ಲ, ಕೋಲು ಊರಿಕೊಂಡು ನಡೆದ. ಕೋಟೆಗೋಡೆಯ ಕಲ್ಲೊಂದರ ಮೇಲೆ ಕೂತ ಮೇಲೆ ಕೇಳಿದ.

"ಅದು ಯಾವ ಗುಡಿ?"

"ಅಚ್ಯುತರಾಯನದು."

"ನಿನಗೆ ಯಾವಾಗ ಗೊತ್ತಾಯ್ತು?"

"ನೀನು ಕಂಬ ತಟ್ಟುತ್ತಿದ್ದಾಗ."

"ಗಾಲಿ?"

"ಮುರಿದ ಕಂಬ."

ಹೊಳೆಯಲ್ಲಿ ಹರಿಗೋಲೊಂದು ಮೋಟಾರ್ ಬೈಕ್ ಹೇರಿಕೊಂಡು ಆಚೆ ದಡಕ್ಕೆ ಹೋಗುತ್ತಿತ್ತು. ಅವನು ಬಿಡಲಿಲ್ಲ. "ಬೆಟ್ಟ ಕೆಂಪು ಅಂದೆಯಲ್ಲ?" "ರಸ್ತೆ ಕೆಂಪು. ಬೆಟ್ಟ ಹಸಿರಿತ್ತು." "ಬಾಳೆತೋಟ?" "ಅದು ನಿಜ." "ಬಿಳಿ ಕುದುರೆ?"

"ಗೊತ್ತಿಲ್ಲ ಶೇಷು. ನಿಜವಾಗಲೂ ಗೊತ್ತಾಗುತ್ತಿಲ್ಲ" ಎಂದೆ.

ಆಗ ಅವನಿಗೆ ಸಿಟ್ಟು ಬಂತು. "ಮೂವತ್ತು ವರ್ಷ ನೂರಾರು ಜನ ನನಗೆ ಫೋನಿನಲ್ಲಿ ಸುಳ್ಳು ಹೇಳಿದ್ದಾರೆ. ಸಾಹೇಬರಿಲ್ಲ ಅಂತ ನಾನೂ ಹೇಳಿದ್ದೇನೆ. ಎಲ್ಲರದ್ದೂ ದನಿಯಲ್ಲೇ ಗೊತ್ತಾಗುತ್ತಿತ್ತು. ನಿನ್ನದು ಗೊತ್ತಾಗಲಿಲ್ಲ. ನಿನ್ನ ಮಾತಿಗೆ ನಾನು ಕಿವಿಗೊಟ್ಟೇ ಇರಲಿಲ್ಲ, ಸುಮ್ಮನೆ ನಂಬಿದ್ದೆ." ನಾನು ತಪ್ಪಾಯಿತು ಎಂದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ.

ಹೊರಡುವ ದಿನ ಬೆಳಿಗ್ಗೆ ಅವನೇ ಆಟೋ ಕರೆದು, "ವಿಠ್ಠಲ ಗುಡಿ, ನಿಜವಾದದ್ದು" ಎಂದ. ಆಟೋ ನಿಂತಲ್ಲಿಂದ ಗುಡಿಗೆ ಒಯ್ಯುವ ಬ್ಯಾಟರಿ ಗಾಡಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಒಳಗೆ ಜನವೋ ಜನ. ರಥದ ಸುತ್ತ ಸರಪಳಿ, ಪಕ್ಕದಲ್ಲಿ ಕಾವಲಿನ ಹೆಂಗಸು. ಶೇಷಗಿರಿ ನನ್ನನ್ನು ಬಿಟ್ಟು ಅವಳನ್ನೇ ಕೇಳಿದ. "ಅಮ್ಮಾ, ಮುಟ್ಟಬಹುದಾ?"

"ಇಲ್ರಿ ಸರ, ನನ್ನ ಕೆಲಸ ಹೋಗ್ತೈತಿ" ಎಂದಳು ಅವಳು. ಕೋಲು ನೋಡಿ ಮೆತ್ತಗಾದಳು. "ಹೇಳ್ತೀನಿ ಕೇಳ್ರಿ. ನಾಕು ಗಾಲಿ. ಒಂದೊಂದರಾಗೂ ಹೂವಿನಂಗ ಕೆತ್ತ್ಯಾರ. ಮುಂದ ಎರಡು ಆನಿ. ಅವು ಮೊದಲಿಂದ ಅಲ್ಲಿದ್ದವಲ್ಲಂತ, ಆಮ್ಯಾಲ ತಂದಿಟ್ಟಾರಂತ." ಸಂಗೀತದ ಕಂಬಗಳ ಮಂಟಪಕ್ಕೂ ಬಿಡುವುದಿಲ್ಲವೆಂದಳು. ಅವನು ಸರಪಳಿಯನ್ನೇ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದ. ಅವನ ಮುಖದಲ್ಲಿದ್ದದ್ದು ಸಮಾಧಾನವೋ ನಿರಾಸೆಯೋ ನನಗೆ ತಿಳಿಯಲಿಲ್ಲ. ವಾಪಸು ಬರುವಾಗ ಒಂದೇ ಮಾತು: "ಆ ಗುಡಿಯಲ್ಲಿ ಒಂದು ಕಂಬ ನುಡಿದದ್ದು ನಿಜ. ಅದು ನೀನು ಹೇಳಿದ್ದಲ್ಲ, ನಾನು ಕೇಳಿದ್ದು."

ಮಧ್ಯಾಹ್ನ ಮೂರಕ್ಕೆ ತುಮಕೂರಿನ ಬಸ್ಸು. ಬಸ್ಸು ಮರಿಯಮ್ಮನಹಳ್ಳಿಗೆ ಬಂತು. ಬಲಗಡೆ ಹೊಲಗಳಾಚೆ ಉದ್ದಕ್ಕೂ ಬೆಳ್ಳಗೆ ಏನೋ ಹೊಳೆಯತೊಡಗಿತು. ಗಾಳಿ ತಂಪಾದದ್ದು ಅವನಿಗೂ ತಿಳಿದಿರಬೇಕು, ಕಿಟಕಿಯ ಕಡೆ ಮುಖ ಮಾಡಿದ.

"ಏನದು?" ಎಂದ.

ಕಣ್ಣು ಕಿರಿದು ಮಾಡಿ ನೋಡಿದೆ. "ಅಣೆಕಟ್ಟಿನ ಹಿನ್ನೀರು ಅಂತ ಕಾಣುತ್ತೆ. ಇಲ್ಲಾ ಬರೀ ಬಿಸಿಲಿರಬಹುದು. ಸರಿಯಾಗಿ ಗೊತ್ತಾಗ್ತಿಲ್ಲ."

ಅವನು, "ಸರಿ, ಗೊತ್ತಾದಾಗ ಹೇಳು" ಎಂದ.

ನಾನು ಅವನ ಮೇಲಿಂದ ಬಾಗಿ ಕಿಟಕಿಯ ಗಾಜು ಸರಿಸಿ ನೋಡುತ್ತಾ ಕೂತೆ.