ಕೋಪವಿಲ್ಲದ ಮುಖ

ಕಾಯಿಲೆಯವರನ್ನು ನೋಡಲು ಹೋಗುವಾಗ ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣ ಇರಲೇಬೇಕೆಂಬ ಶಾಸ್ತ್ರವನ್ನು ನಮ್ಮ ಮಧುಗಿರಿಗೆ ಯಾರು ಬೋಧಿಸಿದರೋ ನಾನರಿಯೆ. ಜ್ವರ ಬಂದರೂ ಬ್ರೆಡ್ಡು, ಕಾಲು ಮುರಿದರೂ ಬ್ರೆಡ್ಡು; ಕಡೆಗೆ ಮೇಲಿನ ದವಡೆಗೂ ಕೆಳಗಿನ ದವಡೆಗೂ ತಂತಿ ಬಿಗಿಸಿಕೊಂಡು ಹಲ್ಲಿನ ಸಂದಿಯಿಂದ ರಾಗಿ ಗಂಜಿ ಹೀರುತ್ತಿದ್ದ ನನಗೂ ಬ್ರೆಡ್ಡೇ. ತಂದವರು ಅದನ್ನು ತಲೆದೆಸೆಯಲ್ಲಿಟ್ಟು, ನನ್ನ ಮುಖವನ್ನು ಒಮ್ಮೆ ನೋಡಿ, ಕೂಡಲೇ ಗೋಡೆಯ ಕ್ಯಾಲೆಂಡರಿನತ್ತ ದೃಷ್ಟಿ ಹೊರಳಿಸಿ, "ಪರ್ವಾಗಿಲ್ಲ, ಚೆನ್ನಾಗೇ ಇದೀರಾ" ಎನ್ನುತ್ತಿದ್ದರು. ಹೇಳಿದ್ದು ನನಗೋ ಕ್ಯಾಲೆಂಡರಿನ ಲಕ್ಷ್ಮಿಗೋ ಎಂದು ಕೇಳಲು ನನಗೆ ಬಾಯಿರಲಿಲ್ಲ.

ಆದದ್ದಿಷ್ಟು. ದೊಡ್ಡೇರಿಯ ನೆಂಟರ ಮನೆಯಿಂದ ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದಾಗ, ಡಾಂಬರು ರಸ್ತೆಯ ಮೇಲೆ ಒಕ್ಕಣೆಗೆಂದು ಹರಡಿದ್ದ ಹುರುಳಿ ಗಿಡದ ಮೇಲೆ ಚಕ್ರ ಜಾರಿ ಮುಖ ಕೆಳಗಾಗಿ ಬಿದ್ದೆ. ಬಸ್ಸು ಲಾರಿಗಳು ಪುಕ್ಕಟೆಯಾಗಿ ತುಳಿದು ಕಾಳು ಬಿಡಿಸಿಕೊಡುವಾಗ ಸಗಣಿ ಸಾರಿಸಿ ಕಣ ಮಾಡುವ ಉಸಾಬರಿ ಯಾರಿಗೆ ಬೇಕು? ಆ ಸಾರ್ವಜನಿಕ ಸೇವೆಯನ್ನು ನಾನೂ ಎಷ್ಟೋ ಸಲ ಸಲ್ಲಿಸಿದವನೇ. ಈ ಬಾರಿ ಮಾತ್ರ ಸೇವೆ ಅತಿಯಾಗಿ, ದವಡೆ ಎರಡು ಕಡೆ ಬಿರಿದು, ಎಡಗೆನ್ನೆಯ ಮೂಳೆ ಒಳಕ್ಕೆ ಕುಸಿಯಿತು. ತುಮಕೂರಿನ ವೈದ್ಯರು ಕೊಯ್ದು, ಲೋಹದ ಪಟ್ಟಿಗಳನ್ನಿಟ್ಟು, ತಿರುಪು ಬಿಗಿದು, ಮುಖದ ನರಗಳು ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾದಾವು ಎಂದು ಹೇಳಿ ಕಳಿಸಿದರು.

ಆ ಹುರುಳಿ ಸಣ್ಣೀರಮ್ಮನದು. ನನಗಿಂತ ಹಿರಿಯಳು, ದೊಡ್ಡೇರಿಯ ಪಕ್ಕದ ಹಳ್ಳಿಯವಳು. ಬಿದ್ದವನನ್ನು ಎಬ್ಬಿಸಿ ಆಟೋ ಹತ್ತಿಸಿದವಳೂ ಅವಳೇ. ಆಸ್ಪತ್ರೆಯಿಂದ ನಾನು ಬಂದ ವಾರದಲ್ಲೇ ನಾಟಿ ಕೋಳಿಮೊಟ್ಟೆ ಹಿಡಿದು ಬಂದು, ಬಾಗಿಲಲ್ಲೇ ನಿಂತು, "ತಪ್ಪಾಗೋಯ್ತು ಸಾಮಿ, ಹೊಟ್ಟೆಗಾಕ್ಕಳಿ" ಎಂದಳು.

ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡುತ್ತ ಲೋಕದ ಜಗಳಗಳನ್ನು ನಿರ್ಲಿಪ್ತವಾಗಿ ನೋಡುವ ಕಲೆ ನನಗೆ ಸಿದ್ಧಿಸಿದೆಯೆಂದು ನಾನು ಬೀಗುತ್ತಿದ್ದವನು. ಉದಾರವಾಗಿ ನಕ್ಕೆ. ಆದರೆ ಬಲಗಡೆಯ ತುಟಿ ಮಾತ್ರ ಮೇಲೇರಿ, ಎಡಗಡೆಯದು ತಟಸ್ಥವಾಗಿ ಉಳಿದು, ಆ ನಗೆ ಅಪ್ಪಟ ಕುಹಕವಾಗಿ ಪರಿಣಮಿಸಿರಬೇಕು. ಅವಳು ಹಿಂದೆ ಸರಿದಳು. ಬರೆದಾದರೂ ತಿಳಿಸೋಣವೆಂದು ಪೆನ್ನಿಗೂ ಕಾಗದಕ್ಕೂ ಸನ್ನೆ ಮಾಡಿದೆ. ಅದು ಇನ್ನೂ ದೊಡ್ಡ ಪ್ರಮಾದವಾಯಿತು. ಕೋರ್ಟಿನವನು ಕಾಗದ ಕೇಳಿದನೆಂದರೆ ಮುಂದೇನೆಂದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ?

"ಪೇಪರ್ ಮಾತ್ರ ಬ್ಯಾಡಿ ಸಾಮಿ, ಕೋರ್ಟಿಗೆ ಅಲಿಯಾಕೆ ನಮ್ ಕೈಲಾಗಕಿಲ್ಲ!" ಎಂದು ಕೈಮುಗಿದಳು.

ನಾನು 'ನನಗೆ ಕೋಪವಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಎತ್ತಿ ಹಿಡಿದೆ. ಅವಳಿಗೆ ಓದು ಬಾರದು. ಓದು ಬರುವ ನನ್ನ ಹೆಂಡತಿ ಅದನ್ನು ಮನಸ್ಸಿನಲ್ಲೇ ಓದಿಕೊಂಡು, ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ಸಣ್ಣೀರಮ್ಮ ಹೋದ ಮೇಲೆ, "ಕೋಪ ಇಲ್ದೇ ಇರೋದು ನಿಮಗೆ. ದಿನಾ ಈ ಮುಖ ನೋಡೋಳು ನಾನು, ನನಗಿದೆ" ಎಂದು ಒಳಗೆ ನಡೆದಳು.

ಮುಂದಿನದು ಕನ್ನಡಿಯ ಮುಂದಿನ ಪಾಠ. ತಂತಿ ಬಿಚ್ಚಿದ ಬಳಿಕ ವೈದ್ಯರ ಅಪ್ಪಣೆಯಂತೆ ಆ, ಈ, ಊ ಎಂದು ಸ್ವರಾಭ್ಯಾಸ. ಬಾಯಿಗೆ ಮೊದಲು ಒಂದು ಬೆರಳು ಹಿಡಿಸಿತು, ಎಷ್ಟೋ ದಿನದ ಮೇಲೆ ಎರಡು. ಅಷ್ಟರಲ್ಲಿ ದೊಡ್ಡೇರಿಯ ನೆಂಟರು ಬಂದು ಒಂದು ಸುದ್ದಿ ಹೇಳಿದರು: ತನ್ನೂರಿಗೆ ಯಾವ ಜೀಪು ಬಂದರೂ ಪೊಲೀಸರೆಂದು ಹೆದರಿ ಸಣ್ಣೀರಮ್ಮ ಹಿತ್ತಲಿಗೆ ಓಡುತ್ತಾಳಂತೆ, ಕೂಲಿಗೂ ಸರಿಯಾಗಿ ಹೋಗುತ್ತಿಲ್ಲವಂತೆ. ನನಗೆ ಸಂಕಟವಾಯಿತು. ನನ್ನದೊಂದು ವಾಕ್ಯ ಸಿಕ್ಕಿದರೆ ಆ ಜೀವ ನೆಮ್ಮದಿಯಾಗಿ ಉಂಡು ಮಲಗೀತು ಎನಿಸಿ, ಸ್ವರಗಳನ್ನು ಬಿಟ್ಟು 'ನನಗೆ ಕೋಪವಿಲ್ಲ' ಎಂಬ ಆ ಒಂದು ವಾಕ್ಯವನ್ನೇ ಕನ್ನಡಿಗೆ ಒಪ್ಪಿಸತೊಡಗಿದೆ. ಆಮೇಲೆ ನೆಂಟರಿಂದಲೇ ಅವಳಿಗೆ ಹೇಳಿಕಳಿಸಿದೆ.

ಅವಳು ಬಂದಳು. ನಾನು ಅಭ್ಯಾಸ ಮಾಡಿದ್ದನ್ನು ಸ್ಪಷ್ಟವಾಗಿಯೇ ಹೇಳಿದೆ. ಅವಳ ಮುಖ ಅರಳುವುದನ್ನು ಕಾಯುತ್ತಿದ್ದರೆ, ಅದು ಇನ್ನಷ್ಟು ಬಾಡಿತು.

"ಮೊಕ ಇಂಗಾಗಿ ಕೋಪ ಇಲ್ಲ ಅಂದ್ರೆ ನಾನು ನಂಬೋದು ಹೆಂಗೆ ಸಾಮಿ? ಒಳಗೇ ಮಡಿಕ್ಕಂಡಿದೀರಾ. ಬೈದ್ಬುಡಿ, ಬೈಸ್ಕಂಡು ಓಯ್ತೀನಿ."

ಅಡುಗೆಮನೆಯಿಂದ ನನ್ನ ಹೆಂಡತಿ ಬಂದವಳೇ ಶುರು ಮಾಡಿದಳು. "ರಸ್ತೆ ಏನು ನಿಮ್ಮಪ್ಪನ ಮನೆ ಕಣ ಅಂದ್ಕೊಂಡಿದೀಯಾ? ಇವರು ಹೋಗೇಬಿಟ್ಟಿದ್ರೆ ನಾನೇನು ಮಾಡ್ಬೇಕಿತ್ತು ಹೇಳು?" ಎಂದು ಆರಂಭವಾದದ್ದು ಅಳುವಿನಲ್ಲಿ ಮುಗಿಯಿತು. ಸಣ್ಣೀರಮ್ಮ ಒಂದೊಂದು ಮಾತಿಗೂ "ಊಂ ಕಣಕ್ಕ, ಊಂ" ಎಂದು ತಲೆತಗ್ಗಿಸಿ ಕೇಳಿದಳು. ಅವಳ ಬಿಗಿದಿದ್ದ ಹೆಗಲು ಸ್ವಲ್ಪ ಸಡಿಲವಾಯಿತು. ಬಳಿಕ ನನ್ನತ್ತ ತಿರುಗಿ ಕಾದು ನಿಂತಳು.

ನಿರ್ಲಿಪ್ತತೆಯ ದೊಡ್ಡ ಅನುಕೂಲವೆಂದರೆ ಎದುರಿನವರಿಗೆ ನಾವು ಏನನ್ನೂ ಕೊಡಬೇಕಾಗುವುದಿಲ್ಲ. ಕ್ಷಮೆಯೆಂದು ನಾನು ಭಾವಿಸಿದ್ದು ಅವಳ ಪಾಲಿಗೆ ಮುಚ್ಚಿದ ಬಾಗಿಲಾಗಿತ್ತು. ಅದಿರಲಿ, ನನಗೆ ನಿಜವಾಗಿ ಕೋಪವಿರಲಿಲ್ಲವೇ? ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದಂತಾಗುತ್ತಿದ್ದ ಆ ಬೆಳಗುಗಳಲ್ಲಿ? ಇತ್ತು. ಬೇಕಾದಷ್ಟಿತ್ತು.

"ಬುದ್ಧಿ ಇಲ್ವೇನಮ್ಮ ನಿನಗೆ?" ಎಂದೆ. ಧ್ವನಿ ನಾನು ನೆನೆಸಿದ್ದಕ್ಕಿಂತ ದೊಡ್ಡದಾಗಿ ಬಂತು. "ರಸ್ತೆ ತುಂಬ ಹರಡ್ತಾರಾ? ನನ್ನ ಮುಖ ಹೋಯ್ತಲ್ಲಮ್ಮ!"

ಸಣ್ಣೀರಮ್ಮ ತಲೆಯೆತ್ತಿ ಮೊತ್ತಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ, ಸಾವಕಾಶವಾಗಿ, ಗಾಯದ ಗೆರೆಯಿಂದ ಗಲ್ಲದವರೆಗೂ ನೋಡಿದಳು. ಅಪಘಾತವಾದಂದಿನಿಂದ ಮನೆಗೆ ಬಂದವರಲ್ಲಿ ಯಾರೂ ಹಾಗೆ ನೋಡಿರಲಿಲ್ಲ.

"ಎಡಗಡೆ ಒರೆಸ್ಕಳಿ ಸಾಮಿ," ಎಂದಳು, "ಜೊಲ್ಲು ಇಳೀತೈತೆ."